ಹಾಯಿದೋಣಿಯ ಸೆಂಟರ್‌ಬೋರ್ಡ್ ಮಾಡಿಸೋಕೆ ಉದ್ಯಮಬಾಗ್‌ನ ಪ್ಯಾಟರ್ನ್ ಅಂಗಡಿ: ಹೇಗಿತ್ತು ಕೆಲಸ?

ಮೊದಲೇ ಹೇಳಿಬಿಡ್ತೀನಿ, 5ಕ್ಕೆ 4. ಕೈಕೆಲಸಕ್ಕೆ ಪೂರ್ತಿ 5 ಕೊಡಬಹುದು. ಒಂದು ಕಡಿಮೆ ಆಗಿದ್ದು ಸಮಯಕ್ಕೆ, ಮತ್ತೆ ಕೊನೆಯ ಹಂತದ ಕೆಲವು ವಿಷಯಕ್ಕೆ. ಅದನ್ನೂ ಕೆಳಗೆ ಬರೆದಿದ್ದೇನೆ.

ಬೆಳಗಾವಿಯಲ್ಲಿ ಹಾಯಿದೋಣಿಯ ಸಾಮಾನು ಸಿಗೋದಿಲ್ಲ. ಗೋವಾಕ್ಕೆ ಹೋಗು, ಮುಂಬೈಗೆ ಹೋಗು, ಇಲ್ಲಾ ಹೊರದೇಶದಿಂದ ತರಿಸು ಅಂತ ಎಲ್ಲರೂ ಹೇಳ್ತಾರೆ. ಆದರೆ ಸೆಂಟರ್‌ಬೋರ್ಡ್ ಮಾಡೋಕೆ ಬೇಕಾದ ಕೈ ಇದೇ ಊರಿನ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನಲ್ಲಿದೆ. ಫರ್ನಿಚರ್ ಮಾಡೋ ಬಡಗಿಗಳ ಹತ್ತಿರ ಅಲ್ಲ, ಲೋಹದ ಎರಕ ಹೊಯ್ಯೋ ಫೌಂಡ್ರಿಗಳಿಗೆ ಮರದ ಪ್ಯಾಟರ್ನ್, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸೋ ಮಾದರಿ, ಮಾಡಿಕೊಡೋರ ಹತ್ತಿರ. ಈ ಮಾತು ಹೇಳೋಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಅಂಗಡಿಯ ಹೆಸರು ಹಾಕುತ್ತಿಲ್ಲ. ಯಜಮಾನರೇ ಬೇಡ ಅಂದರು. ಅವರದು ಫೌಂಡ್ರಿಗಳ ಕಾಯಂ ಕೆಲಸ, ಸುಮ್ನೆ ವಿಚಾರಿಸೋಕೆ ಅಂತ ದಿನವಿಡೀ ಫೋನ್ ಬಂದರೆ ಅವರಿಗೆ ತೊಂದರೆ. ಆದರೆ ಉದ್ಯಮಬಾಗ್‌ನಲ್ಲಿ ಇಂಥ ಅಂಗಡಿ ಒಂದೇ ಇಲ್ಲ. ಫೌಂಡ್ರಿ ಇರೋ ಊರಲ್ಲಿ ಪ್ಯಾಟರ್ನ್ ಮೇಸ್ತ್ರಿಗಳು ಇದ್ದೇ ಇರ್ತಾರೆ. ವಿಚಾರಿಸಿಕೊಂಡು ಹೋದರೆ ಸಿಗ್ತಾರೆ.

ಸೆಂಟರ್‌ಬೋರ್ಡ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಹಾಯಿಗೆ ಗಾಳಿ ಪಕ್ಕದಿಂದ ಬಡಿದಾಗ ದೋಣಿ ಮುಂದೆ ಹೋಗೋದರ ಜೊತೆಗೆ ಪಕ್ಕಕ್ಕೂ ಜಾರುತ್ತದೆ. ಆ ಜಾರೋದನ್ನ ತಡೆಯೋಕೆ ದೋಣಿಯ ತಳದ ಸೀಳಿನಿಂದ ನೀರಿಗೆ ಇಳಿಬಿಡೋ ಹಲಗೆಯೇ ಸೆಂಟರ್‌ಬೋರ್ಡ್. ಹಲಗೆಯ ತಲೆಯಲ್ಲಿ, ಮುಂದಿನ ಅಂಚಿನ ಹತ್ತಿರ ಒಂದು ಪಿನ್ ಇರುತ್ತದೆ, ಅದರ ಮೇಲೆ ಹಲಗೆ ತಿರುಗುತ್ತದೆ. ನೇರ ಮೇಲಿಂದ ಕೆಳಗೆ ತೂರಿಸೋ ಹಲಗೆಯೂ ಉಂಟು, ಅದಕ್ಕೆ ಡ್ಯಾಗರ್‌ಬೋರ್ಡ್ ಅಂತಾರೆ, ಅದು ಹಗುರ, ಮಾಡೋದೂ ಸುಲಭ. ಆದರೆ ನಮ್ಮ ಕಡೆಯ ಹಿನ್ನೀರಿಗೆ ಅದು ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಹಿಡಕಲ್ ಆಗಲಿ ಆಲಮಟ್ಟಿ ಆಗಲಿ, ನೀರಿನ ಕೆಳಗೆ ಹಳೆ ಊರುಗಳಿವೆ, ಗೋಡೆ, ಕಟ್ಟೆ, ಮರದ ಬೊಡ್ಡೆ ಎಲ್ಲ ಇವೆ. ಬೇಸಿಗೆಯಲ್ಲಿ ಹಿಡಕಲ್‌ ನೀರು ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಹೊರಗೆ ಕಾಣೋದನ್ನ ನೀವೂ ನೋಡಿರ್ತೀರಿ. ನೀರು ತುಂಬಿದಾಗ ಇವೆಲ್ಲ ಎಲ್ಲಿವೆ ಅಂತ ಮೇಲಿಂದ ಗೊತ್ತಾಗೋದಿಲ್ಲ. ತಿರುಗೋ ಹಲಗೆ ಗೋಡೆಗೆ ತಾಗಿದರೆ ತಾನೇ ಹಿಂದಕ್ಕೆ ಎದ್ದುಬಿಡುತ್ತದೆ. ನೇರ ತೂರಿಸಿದ ಹಲಗೆಗೆ ಏಳೋಕೆ ದಾರಿ ಇಲ್ಲ. ಒಂದೋ ಹಲಗೆ ಮುರಿಯುತ್ತದೆ, ಇಲ್ಲಾ ದೋಣಿಯ ತಳ ಸೀಳುತ್ತದೆ.

ನನ್ನದು ಗೋವಾದಿಂದ ತಂದ ಹಳೆಯ ದೋಣಿ. 12 ಅಡಿ ಉದ್ದ, ಹಾಯಿ ಸುಮಾರು 7 ಚದರ ಮೀಟರ್. ಅದರ ಜೊತೆ ಬಂದ ಸೆಂಟರ್‌ಬೋರ್ಡ್ ಅಂದರೆ ಒಂದು ಸಪಾಟು ಪ್ಲೈವುಡ್ ಹಲಗೆ, ಅಂಚುಗಳನ್ನ ಮರಳು ಕಾಗದದಲ್ಲಿ ಒಂದಿಷ್ಟು ಗುಂಡಗೆ ಮಾಡಿದ್ದರು, ಅಷ್ಟೇ. ವೇಗ ಸ್ವಲ್ಪ ಏರಿದರೆ ಅದು ಗುಂಯ್ ಅಂತ ನಡುಗುತ್ತಿತ್ತು. ಗಾಳಿಗೆ ಎದುರಾಗಿ ಓರೆ ಹೋಗುವಾಗ ದೋಣಿಯ ಮೂತಿ ಒಂದು ಕಡೆ, ದೋಣಿ ಹೋಗೋದು ಇನ್ನೊಂದು ಕಡೆ. ಅಂಚಿನ ಪದರಗಳು ನೀರು ಕುಡಿದು ಬಿಚ್ಚಿಕೊಳ್ಳೋಕೆ ಶುರುವಾದ ಮೇಲೆ ಹೊಸದು ಮಾಡಿಸೋದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಈಗ ಅಳತೆಯ ವಿಷಯ. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅಂಗಡಿಯವರು ಎಷ್ಟೇ ಜಾಣರಾದರೂ ಇದನ್ನ ನೀವೇ ತೀರ್ಮಾನ ಮಾಡಿಕೊಂಡು ಹೋಗಬೇಕು. ನೀರಿನೊಳಗೆ ಇರೋ ಹಲಗೆಯ ವಿಸ್ತೀರ್ಣ ಹಾಯಿಯ ವಿಸ್ತೀರ್ಣದ ನೂರಕ್ಕೆ 4ರಷ್ಟು ಇರಲಿ ಅನ್ನೋದು ಸಣ್ಣ ದೋಣಿ ಮಾಡೋರ ಹಳೆಯ ಲೆಕ್ಕ. 7 ಚದರ ಮೀಟರ್ ಹಾಯಿಗೆ 0.28 ಬರುತ್ತದೆ. ನಾನು 30 ಸೆಂಟಿಮೀಟರ್ ಅಗಲ, ತಳದಿಂದ ಕೆಳಗೆ 90 ಸೆಂಟಿಮೀಟರ್ ಆಳ ಇಟ್ಟುಕೊಂಡೆ, 0.27 ಆಯಿತು. ಅಗಲ ಕಡಿಮೆ, ಆಳ ಜಾಸ್ತಿ ಇದ್ದಷ್ಟೂ ಹಲಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಳತುದಿಯಲ್ಲಿ ನೀರು ಒತ್ತಡ ಇರೋ ಕಡೆಯಿಂದ ಇಲ್ಲದ ಕಡೆಗೆ ಸುತ್ತಿಕೊಂಡು ನುಸುಳುತ್ತದಲ್ಲ, ಆ ನಷ್ಟ ಉದ್ದ ಹಲಗೆಯಲ್ಲಿ ಕಡಿಮೆ. ಆದರೆ ಹಾಗಂತ ತೀರಾ ಉದ್ದ ಮಾಡಿದರೆ ಬುಡಕ್ಕೆ ಬೀಳೋ ಭಾರ ಏರುತ್ತದೆ, ಮೇಲಕ್ಕೆ ಎಳೆದಾಗ ಅದು ಸೇರಿಕೊಳ್ಳೋ, ಸೀಳಿನ ಮೇಲಿನ ಪೆಟ್ಟಿಗೆಯೊಳಗೆ ಹಿಡಿಯೋದೂ ಇಲ್ಲ.

ದಪ್ಪವನ್ನ ನಾವು ಆರಿಸಿಕೊಳ್ಳೋಕಾಗೋದಿಲ್ಲ, ಪೆಟ್ಟಿಗೆಯೇ ಆರಿಸುತ್ತದೆ. ನನ್ನ ದೋಣಿಯ ಸೀಳು 36 ಮಿಲಿಮೀಟರ್. ಎರಡೂ ಕಡೆ ಎರಡೂವರೆ ಮಿಲಿಮೀಟರ್ ಸಂದು ಬಿಟ್ಟು, ಮೇಲೆ ಹೊದಿಸೋ ಗಾಜಿನ ಬಟ್ಟೆಯ (ಫೈಬರ್‌ಗ್ಲಾಸ್) ಪದರಕ್ಕೆ ಒಂದಿಷ್ಟು ಕಳೆದರೆ ಮರಕ್ಕೆ ಉಳಿಯೋದು 30. ಅಂದರೆ ಅಗಲದ ನೂರಕ್ಕೆ 10. ಅಡ್ಡ ಸೀಳಿದಾಗ ಕಾಣೋ ಆಕಾರಕ್ಕೆ ನಾಕಾ 0010 ಹಿಡಿದೆ. ನಾಕಾ ಅಂದರೆ 1958ರಲ್ಲಿ ನಾಸಾ ಬರೋಕೆ ಮುಂಚೆ ಅಮೆರಿಕದಲ್ಲಿ ವಿಮಾನದ ಸಂಶೋಧನೆ ನಡೆಸುತ್ತಿದ್ದ ಸಂಸ್ಥೆ. ವಿಮಾನದ ರೆಕ್ಕೆಗೆ ಅಂತ 1930ರ ದಶಕದಲ್ಲಿ ಅವರು ಪರೀಕ್ಷೆ ಮಾಡಿ ಕೊಟ್ಟ ಆಕಾರಗಳು ಇವತ್ತಿಗೂ ದೋಣಿಯ ಹಲಗೆಗೆ ನಡೆಯುತ್ತವೆ. ಮೊದಲ ಎರಡು ಸೊನ್ನೆ ಅಂದರೆ ಎರಡೂ ಕಡೆ ಒಂದೇ ಥರ, ಬಾಗು ಇಲ್ಲ. ಕೊನೆಯ ಎರಡು ಅಂಕೆ ದಪ್ಪ. ದೋಣಿ ಎಡಕ್ಕೂ ಬಲಕ್ಕೂ ಹೊರಳಿ ಹೊರಳಿ ಹೋಗಬೇಕು, ಹಾಗಾಗಿ ಎರಡೂ ಕಡೆ ಸಮ ಇರಲೇಬೇಕು.

300 ಮಿಲಿಮೀಟರ್ ಅಗಲಕ್ಕೆ ನಾನು ಹಾಕಿಕೊಂಡು ಹೋದ ಅಳತೆ ಹೀಗಿತ್ತು, ಬೇಕಾದವರು ಬರೆದುಕೊಳ್ಳಿ. ನಡುಗೆರೆಯಿಂದ ಒಂದು ಕಡೆಯ ಎತ್ತರ, ಮುಂದಿನ ಅಂಚಿನಿಂದ 15 ಮಿಲಿಮೀಟರ್ ಒಳಗೆ 8.9, 30ರಲ್ಲಿ 11.7, 90ರಲ್ಲಿ ಪೂರ್ತಿ 15, 150ರಲ್ಲಿ 13.2, 210ರಲ್ಲಿ 9.2, 270ರಲ್ಲಿ 3.6. ಮುಂದಿನ ಅಂಚಿನ ಗುಂಡು ಸುಮಾರು 3.3 ಮಿಲಿಮೀಟರ್ ತ್ರಿಜ್ಯ. ಹಿಂದಿನ ಅಂಚನ್ನ ಚಾಕುವಿನ ಹಾಗೆ ಚೂಪು ಮಾಡಬಾರದು, ಎರಡು ಮಿಲಿಮೀಟರ್ ದಪ್ಪದಲ್ಲಿ ಚೌಕವಾಗಿ ಕಡಿದುಬಿಡಬೇಕು. ಚೂಪು ಮಾಡಿದರೆ ಮೊದಲ ಸಲ ದಂಡೆಗೆ ತಾಗಿದಾಗಲೇ ಚಕ್ಕೆ ಏಳುತ್ತದೆ. ಗುಂಡಗೆ ಮಾಡಿದರೆ ನೀರು ಅಲ್ಲಿ ಸುಳಿ ಹಾಕಿ ಹಲಗೆ ನಡುಗುತ್ತದೆ, ಆ ಗುಂಯ್ ಸದ್ದಿಗೆ ಕಾರಣ ಅದೇ.

ಮೊದಲು ಒಬ್ಬ ಫರ್ನಿಚರ್ ಬಡಗಿಯನ್ನ ಕೇಳಿದ್ದೆ. ಒಳ್ಳೆಯ ಕೆಲಸಗಾರ, ಆದರೆ ಅವರು ಕಣ್ಣಳತೆಯಲ್ಲಿ ಮಾಡಿಕೊಡ್ತೀನಿ ಅಂದರು. ಬಾಗಿಲಿಗೆ ಅದು ಸಾಕು, ಇದಕ್ಕೆ ಸಾಲದು. ಫೌಂಡ್ರಿಯಲ್ಲಿ ಕೆಲಸ ಮಾಡೋ ಗೆಳೆಯ ಒಬ್ಬ, ನಮ್ಮ ಪಂಪಿನ ಪ್ಯಾಟರ್ನ್ ಮಾಡೋರನ್ನ ಕೇಳು, ಅವರಿಗೆ ಇಂಥ ಬಾಗಿದ ಆಕಾರ ದಿನದ ಕೆಲಸ ಅಂದ. ಪಂಪಿನೊಳಗೆ ತಿರುಗಿ ನೀರು ತಳ್ಳೋ ಇಂಪೆಲ್ಲರ್‌ನ ಎಲೆಗಳನ್ನ ಮರದಲ್ಲಿ ಕೆತ್ತೋರಿಗೆ ಸೆಂಟರ್‌ಬೋರ್ಡ್ ಯಾವ ಮಹಾ, ಅಲ್ವಾ?

ಅಂಗಡಿ ದೊಡ್ಡದೇನಲ್ಲ. ತಗಡಿನ ಶೆಡ್, ಒಂದು ಬ್ಯಾಂಡ್‌ಸಾ, ಒಂದು ಪ್ಲೇನರ್, ಕಂಬಕ್ಕೆ ಹೊಂದಿಸಿದ ಡ್ರಿಲ್, ನಡುವೆ ಒಂದು ಎರಕದ ಸಪಾಟು ಟೇಬಲ್. ಗೋಡೆ ತುಂಬ ಹಳೆಯ ಪ್ಯಾಟರ್ನ್‌ಗಳು. ಮೇಸ್ತ್ರಿಗೆ ಅರವತ್ತು ದಾಟಿದೆ. ನಕ್ಷೆ ಬಿಡಿಸಿ ತೋರಿಸಿದಾಗ ಅವರ ಮೊದಲ ಪ್ರಶ್ನೆ, "ಇದು ಯಾವ ಮಶೀನಿಂದ್ರಿ? ಕಬ್ಬಿಣದಾಗ ಎರಕ ಹೊಯ್ಯೂದೇನು, ಅಲ್ಯೂಮಿನಿಯಮ್ಮಿನಾಗೇನು?" ಅಷ್ಟರಲ್ಲಿ ಕೈ ಆಗಲೇ ಒಂದು ಸ್ಟೀಲ್ ಪಟ್ಟಿಯ ಮೇಲೆ ಹೋಗಿತ್ತು. ಅದು ಮಾಮೂಲಿ ಸ್ಕೇಲ್ ಅಲ್ಲ. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ಎರಕದ ಕಬ್ಬಿಣ ಮೀಟರಿಗೆ ಸುಮಾರು 10 ಮಿಲಿಮೀಟರ್. ಅದಕ್ಕೆ ಪ್ಯಾಟರ್ನ್ ಮಾಡೋರ ಪಟ್ಟಿಯ ಮೇಲಿನ ಗುರುತುಗಳೇ ಅಷ್ಟು ಹಿಗ್ಗಿರುತ್ತವೆ.

"ಎರಕ ಹೊಯ್ಯೂದಿಲ್ರಿ ಕಾಕಾ, ಈ ಕಟ್ಟಿಗೀನ ನೀರಿಗೆ ಇಳೀತೈತಿ" ಅಂದೆ.

"ಹಂಗಾದ್ರ ಈ ಪಟ್ಟಿ ಬ್ಯಾಡ" ಅಂತ ಅದನ್ನ ವಾಪಸ್ ಮೊಳೆಗೆ ನೇತುಹಾಕಿ ಸಾದಾ ಸ್ಕೇಲ್ ತೆಗೆದರು. ಆಮೇಲೆ ನಕ್ಷೆಯನ್ನ ಇನ್ನೊಂದು ಸಲ ನೋಡಿ, "ಮೀನಿನ ಮೈ ಇದ್ದಂಗ ಐತ್ರಿ. ಮುಂದ ದುಂಡಗ, ಹಿಂದ ಸಣ್ಣಗ" ಅಂದರು. ಇಡೀ ವಿಷಯ ಅಷ್ಟೇ. ಪಠ್ಯಪುಸ್ತಕದಲ್ಲಿ ಪುಟಗಟ್ಟಲೆ ಇರೋದನ್ನ ಅವರು ನಕ್ಷೆ ನೋಡಿದ ಕೂಡಲೇ ಹಿಡಿದರು.

ನನಗೆ ತುಂಬ ಹಿಡಿಸಿದ ವಿಷಯ ಇನ್ನೊಂದಿದೆ. ನಾನು ಯೋಚಿಸಿದ್ದು, ಪಟ್ಟಿಗಳನ್ನ ಅಂಟಿಸಿ ಒಂದು ದಪ್ಪ ಹಲಗೆ ಮಾಡಿ ಎರಡೂ ಕಡೆಯಿಂದ ಕೆತ್ತೋದು. ಸಾಮಾನ್ಯವಾಗಿ ಹಾಗೇ ಮಾಡ್ತಾರೆ. ಅದರಲ್ಲಿ ಒಂದು ಕಷ್ಟ ಇದೆ. ಒಂದು ಕಡೆ ಕೆತ್ತಿದ ಮೇಲೆ ಹಲಗೆ ತಿರುಗಿಸಿದರೆ ಕೆಳಗಿನ ಮೈ ಬಾಗಿರುತ್ತದೆ, ಅಳತೆ ಎಲ್ಲಿಂದ ಹಿಡಿಯೋದು? ಎಡಕ್ಕೂ ಬಲಕ್ಕೂ ಒಂದು ಮಿಲಿಮೀಟರ್ ವ್ಯತ್ಯಾಸ ಬಂದೇ ಬರುತ್ತದೆ. ಮೇಸ್ತ್ರಿ ಅಂದರು, "ಎರಡ ಭಾಗ ಮಾಡೂಣ್ರಿ. ನಡುವ ಸಪಾಟ ಇರ್ತೈತಿ, ಅಲ್ಲಿಂದ ಅಳತಿ ಹಿಡಿದ್ರ ಎರಡೂ ಕಡೆ ಒಂದ ಬರ್ತಾವ." ಫೌಂಡ್ರಿಯಲ್ಲಿ ಮರಳಿನ ಅಚ್ಚನ್ನ ಮೇಲೊಂದು ಕೆಳಗೊಂದು ಎರಡು ಪೆಟ್ಟಿಗೆಯಲ್ಲಿ ಮಾಡ್ತಾರೆ, ಅದಕ್ಕೆ ಪ್ಯಾಟರ್ನನ್ನೂ ನಡುವೆ ಎರಡು ಹೋಳು ಮಾಡಿ ಗೂಟ ಕೊಟ್ಟು ಕೂಡಿಸ್ತಾರೆ. ಅದೇ ಪದ್ಧತಿಯನ್ನ ಇಲ್ಲಿಗೆ ತಂದರು. 15 ಮಿಲಿಮೀಟರ್ ದಪ್ಪದ ಎರಡು ಅರ್ಧ. ಪ್ರತಿ ಅರ್ಧದ ಸಪಾಟು ಮೈ ಎರಕದ ಟೇಬಲ್ ಮೇಲೆ ಕೂತಿರುತ್ತದೆ, ಎಲ್ಲ ಎತ್ತರವನ್ನೂ ಆ ಟೇಬಲ್‌ನಿಂದಲೇ ಅಳೆಯೋದು. ಎರಡೂ ಮುಗಿದ ಮೇಲೆ ಬೆನ್ನಿಗೆ ಬೆನ್ನು ಕೂಡಿಸಿ ಅಂಟಿಸೋದು. ಇದು ಎಷ್ಟು ಒಳ್ಳೆಯ ಉಪಾಯ ಅಂದರೆ, ಇನ್ನು ಮುಂದೆ ಯಾರು ಕೇಳಿದರೂ ಮೊದಲು ಇದನ್ನೇ ಹೇಳ್ತೀನಿ.

ಮರ ಸಾಗವಾನಿ. ಪ್ಲೈವುಡ್ ಬೇಡ ಅಂತ ನಾನು ಮೊದಲೇ ತೀರ್ಮಾನ ಮಾಡಿದ್ದೆ. ಐಎಸ್ 710 ಗುರುತಿನ ಮರೀನ್ ಪ್ಲೈ ನೀರಿಗೆ ತಡೆಯುತ್ತದೆ ನಿಜ. ಆದರೆ ಪ್ಲೈವುಡ್‌ನಲ್ಲಿ ಸುಮಾರು ಅರ್ಧ ಪದರಗಳ ಎಳೆ ಅಡ್ಡಕ್ಕೆ ಓಡುತ್ತದೆ. ಸೆಂಟರ್‌ಬೋರ್ಡ್‌ಗೆ ಬೀಳೋ ಭಾರ ಎಲ್ಲ ಉದ್ದಕ್ಕೆ ಬಾಗಿಸೋ ಭಾರ, ಅಡ್ಡ ಎಳೆ ಅಲ್ಲಿ ಹೆಚ್ಚು ಉಪಯೋಗಕ್ಕೆ ಬರೋದಿಲ್ಲ. ಅದೂ ಅಲ್ಲದೆ ಕೆತ್ತಿದಾಗ ಪದರ ಪದರವಾಗಿ ಅಂಚು ತೆರೆದುಕೊಳ್ಳುತ್ತದೆ, ನೀರಿಗೆ ಅದೇ ಬಾಗಿಲು. ಸಾಗವಾನಿಯನ್ನ ನಾಲ್ಕು ಸೆಂಟಿಮೀಟರ್ ಅಗಲದ ಪಟ್ಟಿ ಮಾಡಿ, ಒಂದು ಪಟ್ಟಿಯ ತುದಿಯಲ್ಲಿ ಕಾಣೋ ಮರದ ಉಂಗುರದ ಗೆರೆ ಮೇಲೆ ಬಾಗಿದರೆ ಪಕ್ಕದ್ದು ಕೆಳಗೆ ಬಾಗೋ ಹಾಗೆ ತಿರುಗಿಸಿ ಅಂಟಿಸಿದರು. ಒಂದು ಸೊಟ್ಟ ಆಗೋಕೆ ಹೋದರೆ ಪಕ್ಕದ್ದು ಹಿಡಿಯುತ್ತದೆ. ಇದನ್ನ ನಾನು ಹೇಳಿಕೊಡಬೇಕಾಗಲಿಲ್ಲ, ಪ್ಯಾಟರ್ನ್ ಸೊಟ್ಟ ಆಗಬಾರದು ಅಂತ ಅವರು ಮೊದಲಿನಿಂದಲೂ ಹಾಗೇ ಮಾಡೋದು.

ಅಂಟಿನ ವಿಷಯದಲ್ಲಿ ಮಾತ್ರ ನಾನು ಗಟ್ಟಿ ನಿಲ್ಲಬೇಕಾಯಿತು. ಅವರ ಹತ್ತಿರ ಇದ್ದದ್ದು ಮಾಮೂಲಿ ಬಿಳಿ ಗೋಂದು. ಪ್ಯಾಟರ್ನ್ ನೀರಲ್ಲಿ ಮುಳುಗಿ ಕೂರೋದಿಲ್ಲ, ಅವರಿಗೆ ಅದು ಸಾಕು. ಸೆಂಟರ್‌ಬೋರ್ಡ್‌ಗೆ ಎರಡು ಡಬ್ಬಿಯದನ್ನ ಬೆರೆಸಿ ಹಚ್ಚೋ ಎಪಾಕ್ಸಿ ಅಂಟೇ ಬೇಕು. ನಾನೇ ತಂದುಕೊಟ್ಟೆ. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇರುತ್ತದೆ, ಅಂಟಿಸೋ ಮುಂಚೆ ಅಸಿಟೋನ್ ಬಟ್ಟೆಯಲ್ಲಿ ಒರೆಸಲೇಬೇಕು, ಒರೆಸಿ ಬಹಳ ಹೊತ್ತು ಬಿಡಬಾರದು. ಇನ್ನೊಂದು, ಕ್ಲ್ಯಾಂಪ್ ಅತಿ ಬಿಗಿ ಮಾಡಬಾರದು. ಬಿಳಿ ಗೋಂದಿಗೆ ಗಟ್ಟಿಯಾಗಿ ಬಿಗಿಯಬೇಕು. ಎಪಾಕ್ಸಿಯನ್ನ ಹಾಗೆ ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿಹೋಗಿ ಸಂದಿನಲ್ಲಿ ಅಂಟೇ ಉಳಿಯೋದಿಲ್ಲ. ಹುಡುಗರಿಗೆ ಇದು ಹೊಸದು, ಒಂದೆರಡು ಸಲ ಹೇಳಬೇಕಾಯಿತು.

ಕೆತ್ತೋದನ್ನ ನಾನು ಪಕ್ಕದಲ್ಲೇ ಕೂತು ನೋಡಿದೆ. ಮೊದಲು ಉದ್ದಕ್ಕೆ ಗೆರೆ ಎಳೆದು, ಪ್ರತಿ ಗೆರೆಯಲ್ಲೂ ಬೇಕಾದ ಆಳಕ್ಕೆ ಗರಗಸದಲ್ಲಿ ಗೀರು ಹಾಕಿದರು. ನಡುವಿನ ಮರವನ್ನ ಉಜ್ಜುಗೊರಡಿನಲ್ಲಿ ತೆಗೆದು ಗೀರಿನ ತಳಕ್ಕೆ ತಂದರು. ಅಲ್ಲಿಂದ ಮುಂದೆ ಟೆಂಪ್ಲೇಟ್ ಕೆಲಸ. ತಗಡಿನಲ್ಲಿ ಅರ್ಧ ಆಕಾರವನ್ನ ಒಳಮುಖವಾಗಿ ಕತ್ತರಿಸಿ, ಅದರ ಅಂಚಿಗೆ ನೀಲಿ ಬಣ್ಣ ಸವರಿ, ಮರದ ಮೇಲೆ ನೆಟ್ಟಗೆ ನಿಲ್ಲಿಸಿ ಒಂದು ಕೂದಲಷ್ಟು ಅತ್ತಿತ್ತ ಆಡಿಸೋದು. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತುತ್ತದೆ. ಹತ್ತಿದ ಕಡೆ ಮಾತ್ರ ಒಂದು ತೆಳು ಪದರ ತೆಗೆದು ಮತ್ತೆ ಟೆಂಪ್ಲೇಟ್ ಇಡೋದು. ಶುರುವಿನಲ್ಲಿ ಒಂದು ಕಡೆ ಮಾತ್ರ ನೀಲಿ ಹತ್ತುತ್ತಿತ್ತು, ಬರಬರುತ್ತಾ ಚುಕ್ಕೆ ಚುಕ್ಕೆಯಾಗಿ ಮುಂದಿನ ಅಂಚಿನಿಂದ ಹಿಂದಿನವರೆಗೂ ಹರಡಿತು. ಕೊನೆಗೆ ಟ್ಯೂಬ್‌ಲೈಟ್ ಆರಿಸಿ, ಟೆಂಪ್ಲೇಟ್ ಹಿಂದೆ ಮೊಬೈಲ್ ಟಾರ್ಚ್ ಹಿಡಿದು, ಬೆಳಕು ನುಸುಳುತ್ತದಾ ಅಂತ ನೋಡಿದರು. ಒಂದು ಕಡೆ ದಾರದಷ್ಟು ಬೆಳಕು ಬಂತು, ಅದೂ ಹಿಂದಿನ ಭಾಗದಲ್ಲಿ. "ಮುಂದಿನ ಮೂವತ್ತು ಪರ್ಸೆಂಟ್ ಸರಿ ಇದ್ರ ಸಾಕು ಕಾಕಾ" ಅಂದೆ. ಅವರು ಒಪ್ಪಲಿಲ್ಲ, ಅದನ್ನೂ ಸರಿ ಮಾಡಿಯೇ ಬಿಟ್ಟರು.

ಮುಂದಿನ ಅಂಚಿನ ಬಗ್ಗೆ ನಾನು ಅಷ್ಟು ಒತ್ತಿ ಹೇಳೋಕೆ ಕಾರಣ ಇದೆ. ದೋಣಿ ಗಾಳಿಗೆ ಓರೆಯಾಗಿ ಹೋಗುವಾಗ ಹಲಗೆ ನೀರನ್ನ ನಾಲ್ಕೈದು ಡಿಗ್ರಿ ಕೋನದಲ್ಲಿ ಸೀಳುತ್ತದೆ. ಆ ಕೋನದಿಂದಲೇ ಪಕ್ಕಕ್ಕೆ ತಳ್ಳೋ ಬಲ ಹುಟ್ಟೋದು. ಮುಂದಿನ ಅಂಚು ಸಪಾಟಾಗಿದ್ದರೆ, ಇಲ್ಲಾ ತೀರಾ ಚೂಪಾಗಿದ್ದರೆ, ನೀರು ಅಲ್ಲಿಂದಲೇ ಮೈ ಬಿಟ್ಟು ಹೋಗುತ್ತದೆ, ಹಲಗೆ ಹಿಡಿತ ಕಳೆದುಕೊಳ್ಳುತ್ತದೆ. ದೋಣಿ ತಿರುಗಿಸಿದ ಕೂಡಲೇ ವೇಗ ಕಡಿಮೆ, ಕೋನ ಜಾಸ್ತಿ ಇರುತ್ತದೆ, ಅಲ್ಲೇ ಈ ತೊಂದರೆ ಎದ್ದು ಕಾಣೋದು. ಸರಿಯಾದ ಗುಂಡು ಇದ್ದರೆ ನೀರು ಮೈಗೆ ಅಂಟಿಕೊಂಡೇ ಹರಿಯುತ್ತದೆ.

ಎರಡು ಹೋಳು ಮಾಡಿದ್ದರಿಂದ ಸೀಸ ಕೂರಿಸೋದೂ ಸುಲಭ ಆಯಿತು. ಸಾಗವಾನಿ ನೀರಿಗಿಂತ ಹಗುರ, ಹಲಗೆ ತಾನೇ ಕೆಳಗೆ ನಿಲ್ಲೋದಿಲ್ಲ, ತೇಲಿ ಮೇಲೆ ಬರುತ್ತದೆ. ಕೆಳತುದಿಯ ಹತ್ತಿರ ಸುಮಾರು ಎರಡೂವರೆ ಕಿಲೋ ಸೀಸ ಇಟ್ಟರೆ ಸಾಕು ಅಂತ ನನ್ನ ಲೆಕ್ಕ. ಪಿನ್ನಿನಿಂದ ದೂರ ಇದ್ದಷ್ಟೂ ಕಡಿಮೆ ಸೀಸದಲ್ಲಿ ಕೆಲಸ ಆಗುತ್ತದೆ. 10 ಸೆಂಟಿಮೀಟರ್ ಅಗಲ, 12 ಉದ್ದ, 1.8 ದಪ್ಪದ ತುಂಡು. ಪ್ರತಿ ಅರ್ಧದ ಒಳಮೈಯಲ್ಲಿ 9 ಮಿಲಿಮೀಟರ್ ಆಳದ ಗುಳಿ ತೆಗೆದು ನಡುವೆ ಕೂರಿಸಿದರು. ಹೊರಗಿನಿಂದ ಸೀಸ ಕಾಣೋದೇ ಇಲ್ಲ. ಕೆಲವರು ಮರದ ತೂತಿಗೇ ಕರಗಿದ ಸೀಸ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೀಸ ಕರಗೋದು 327 ಡಿಗ್ರಿಯಲ್ಲಿ, ಮರದಲ್ಲಿ ತೇವ ಇದ್ದರೆ ಅದು ಒಮ್ಮೆಲೇ ಹಬೆಯಾಗಿ ಸೀಸವನ್ನ ಮುಖಕ್ಕೆ ಎರಚುತ್ತದೆ, ಹೊಗೆಯೂ ವಿಷ. ಮೇಸ್ತ್ರಿಯ ಪರಿಚಯದ ಒಂದು ಸಣ್ಣ ಫೌಂಡ್ರಿಯಲ್ಲಿ ಒಣ ಮರಳಿನ ಅಚ್ಚಿನಲ್ಲಿ ಹೊಯ್ಯಿಸಿ ತಂದೆವು, ಆರಿದ ಮೇಲೆ ಎಪಾಕ್ಸಿ ಹಾಕಿ ಕೂರಿಸಿದ್ದು.

ಪಿನ್ನಿನ ತೂತು ಸೆಂಟರ್‌ಬೋರ್ಡ್‌ನ ಪ್ರಾಣ ಇದ್ದ ಹಾಗೆ. ಮರಕ್ಕೆ ನೇರ ತೂತು ಕೊರೆದು ಬೋಲ್ಟ್ ಹಾಕಿದರೆ ಬೋಲ್ಟ್ ಉಜ್ಜಿ ಉಜ್ಜಿ ತೂತು ಅಂಡಾಕಾರ ಆಗುತ್ತದೆ, ಅಲ್ಲಿಂದಲೇ ನೀರು ಒಳಗೆ ಇಳಿಯುತ್ತದೆ. ಹಲಗೆ ಕೊಳೆಯೋಕೆ ಶುರುವಾಗೋದು ಹೆಚ್ಚಾಗಿ ಇಲ್ಲೇ. ದೊಡ್ಡ ತೂತು ಕೊರೆದು, ಎಪಾಕ್ಸಿಗೆ ಅದನ್ನ ಮಂದ ಮಾಡೋ ಪುಡಿ ಕಲಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ 12 ಮಿಲಿಮೀಟರ್ ತೂತು ಕೊರೆಯೋಣ ಅಂತ ನಾನು ಹೇಳಿದ್ದೆ. ಮೇಸ್ತ್ರಿ ಅದರ ಜೊತೆಗೆ ಒಂದು ಗನ್‌ಮೆಟಲ್ ಬುಷ್, ಅಂದರೆ ಪಿನ್ ಕೂರೋಕೆ ಕಂಚಿನ ಥರದ ಲೋಹದ ಸಣ್ಣ ಕೊಳವೆ, ಕೂರಿಸೋಣ ಅಂದರು. ಎರಡು ಶೆಡ್ ಆಚೆ ಲೇತ್ ಇದೆ, ಚಹಾ ಕುಡಿದು ಮುಗಿಸೋದರೊಳಗೆ ಬುಷ್ ಬಂತು. ಉದ್ಯಮಬಾಗ್‌ನ ಅನುಕೂಲ ಇದು. ಮರ, ಎರಕ, ಲೇತ್, ಬೋಲ್ಟ್, ಎಲ್ಲ ನಡೆದುಹೋಗೋ ದೂರದಲ್ಲಿ.

ಈಗ ಕುಂದುಗಳು. ಒಂದು, ಸಮಯ. ಹೇಳಿದ ದಿನಕ್ಕೆ ಆಗಲಿಲ್ಲ. ಫೌಂಡ್ರಿಯಿಂದ ತುರ್ತು ಪ್ಯಾಟರ್ನ್ ಬಂದರೆ ನಮ್ಮದು ಮೂಲೆಗೆ ಹೋಗುತ್ತದೆ. ಅವರ ಹೊಟ್ಟೆಪಾಡು ಅದರಿಂದಲೇ, ಅದು ನನಗೂ ಗೊತ್ತು. ಆದರೆ ಒಂದು ಫೋನ್ ಮಾಡಿ ಹೇಳಬಹುದಿತ್ತು. ನಾನು ಹೋಗಿ ಹೋಗಿ ವಾಪಸ್ ಬಂದಿದ್ದು ಬೇಸರ ತಂದಿತು. ಎರಡು, ಹಿಂದಿನ ಅಂಚು. ನಕ್ಷೆಯಲ್ಲಿ 2 ಮಿಲಿಮೀಟರ್ ಚೌಕ ಅಂತ ದೊಡ್ಡದಾಗಿ ಬರೆದಿತ್ತು. ಮೇಸ್ತ್ರಿ ಇಲ್ಲದ ದಿನ ಹುಡುಗರು ಅಭ್ಯಾಸಬಲದಿಂದ ಅದನ್ನ ಗುಂಡಗೆ ಉಜ್ಜಿಬಿಟ್ಟಿದ್ದರು. ಪ್ಯಾಟರ್ನ್‌ನಲ್ಲಿ ಚೌಕ ಮೂಲೆ ಇದ್ದರೆ ಮರಳು ಒಡೆಯುತ್ತದೆ, ಹಾಗಾಗಿ ಅವರ ಕೈ ತಾನಾಗಿ ಮೂಲೆ ಮುರಿಯುತ್ತದೆ. ಒಂದು ಸಣ್ಣ ಪಟ್ಟಿ ಅಂಟಿಸಿ ಸರಿ ಮಾಡಿಕೊಟ್ಟರು, ದುಡ್ಡು ಕೇಳಲಿಲ್ಲ, ಆದರೂ ಇನ್ನೊಂದು ವಾರ ಹೋಯಿತು. ಮೂರು, ಗಾಜಿನ ಬಟ್ಟೆ ಹೊದಿಸೋ ಕೆಲಸ ಅವರು ಮಾಡೋದಿಲ್ಲ.

ಅದಕ್ಕೆ ಬೇರೆ ಕಡೆ, ನೀರಿನ ಟ್ಯಾಂಕು ಮತ್ತು ಬಸ್ಸಿನ ಭಾಗ ಮಾಡೋ ಒಂದು ಎಫ್‌ಆರ್‌ಪಿ (ಫೈಬರ್‌ಗ್ಲಾಸ್) ವರ್ಕ್‌ಶಾಪ್‌ಗೆ ಹೋದೆ. ಅಲ್ಲಿನ ಅನುಭವ ಅಷ್ಟಕ್ಕಷ್ಟೇ. ಪಾಲಿಯೆಸ್ಟರ್ ರೆಸಿನ್‌ನಲ್ಲೇ ಮಾಡಿಬಿಡ್ತೀವಿ, ಅದೂ ಇದೂ ಒಂದೇ ಅಂದರು. ಒಂದೇ ಅಲ್ಲ. ಪಾಲಿಯೆಸ್ಟರ್ ಮರಕ್ಕೆ ಗಟ್ಟಿಯಾಗಿ ಹಿಡಿಯೋದಿಲ್ಲ, ಅದರಲ್ಲೂ ಎಣ್ಣೆ ಇರೋ ಸಾಗವಾನಿಗೆ ಹಿಡಿಯೋದೇ ಇಲ್ಲ. ಸ್ವಲ್ಪ ದಿನಕ್ಕೆ ಹಾಳೆ ಹಾಳೆಯಾಗಿ ಏಳುತ್ತದೆ. ಬಟ್ಟೆ ಮಾತ್ರ ಅವರಿಂದ ಕೊಂಡು, ಎಪಾಕ್ಸಿಯಲ್ಲಿ ಮನೆಯಲ್ಲೇ ಹೊದಿಸಿದೆ. ಗಾಜಿನ ಬಟ್ಟೆ ಚೂಪು ಮೂಲೆಯಲ್ಲಿ ಬಾಗೋದಿಲ್ಲ, ಅದಕ್ಕೆ ಹಿಂದಿನ ಅಂಚಿನಲ್ಲಿ ಬಟ್ಟೆಯನ್ನ ಚಾಚಿ ಬಿಟ್ಟು, ಗಟ್ಟಿಯಾದ ಮೇಲೆ ಕತ್ತರಿಸಬೇಕು. ಕೆಳತುದಿಗೂ ಮುಂದಿನ ಅಂಚಿನ ಕೆಳಭಾಗಕ್ಕೂ ಎರಡೆರಡು ಪದರ. ಈ ಕೆಲಸ ಸಾವಧಾನದಿಂದ ಮಾಡಿದರೆ ಯಾರಾದರೂ ಮಾಡಬಹುದು, ಕೈಗೆ ಗ್ಲೌಸ್ ಮಾತ್ರ ಬಿಡಬೇಡಿ.

ನೀರಿಗೆ ಇಳಿಸಿದ್ದು ಹಿಡಕಲ್ ಹಿನ್ನೀರಿನಲ್ಲಿ. ಮೊದಲು ಗೊತ್ತಾಗಿದ್ದು ಸದ್ದು ಇಲ್ಲದ್ದು. ಹಳೆ ಹಲಗೆ ಕೂಗೋ ವೇಗದಲ್ಲಿ ಇದು ಸುಮ್ಮನಿತ್ತು. ಎರಡನೆಯದು, ಗಾಳಿಗೆ ಎದುರು ಓರೆ ಹೋಗುವಾಗ ದಂಡೆಯ ಮೇಲಿನ ಒಂದು ಜಾಲಿ ಮರಕ್ಕೆ ಮೂತಿ ಹಿಡಿದು ಹೊರಟರೆ ಈಗ ಅದರ ಹತ್ತಿರವೇ ಮುಟ್ಟುತ್ತೇನೆ. ಮೊದಲು ಅದರಿಂದ ಬಹಳ ಕೆಳಗೆ ಹೋಗಿ ಸೇರುತ್ತಿದ್ದೆ. ದೋಣಿ ಹೊರಳಿಸಿದಾಗ ಪಕ್ಕಕ್ಕೆ ಜಾರಿ ನಿಂತುಬಿಡೋದು ತಪ್ಪಿದೆ. ಮಳೆಗಾಲದ ಪಡುವಣ ಗಾಳಿಗೂ ಚಳಿಗಾಲದ ಮೆಲುಗಾಳಿಗೂ ವ್ಯತ್ಯಾಸ ತಿಳಿಯುತ್ತದೆ. ಮೆಲುಗಾಳಿಯಲ್ಲೇ ಈ ಹಲಗೆಯ ಲಾಭ ಜಾಸ್ತಿ ಅಂತ ನನಗೆ ಅನ್ನಿಸಿದ್ದು. ಚುಕ್ಕಾಣಿ ಎಳೆತ ಜಾಸ್ತಿ ಅನ್ನಿಸಿದರೆ ಹಲಗೆಯನ್ನ ಒಂದಿಷ್ಟು ಹಿಂದಕ್ಕೆ ಎತ್ತಿದರೆ ಸಾಕು, ನೀರಿನ ಹಿಡಿತ ಹಿಂದೆ ಸರಿದು ಚುಕ್ಕಾಣಿ ಹಗುರ ಆಗುತ್ತದೆ. ಡ್ಯಾಗರ್‌ಬೋರ್ಡ್‌ನಲ್ಲಿ ಈ ಸೌಲಭ್ಯ ಇಲ್ಲ.

ಬಲದ ಪರೀಕ್ಷೆ ಬೇಕಂತಲೇ ಮಾಡಿದೆವು. ದೋಣಿ ಮಗುಚಿದಾಗ ಅದನ್ನ ಎಬ್ಬಿಸೋಕೆ ಈ ಹಲಗೆಯ ಮೇಲೆಯೇ ಹತ್ತಿ ನಿಲ್ಲಬೇಕು, ಹಲಗೆಗೆ ಬೀಳೋ ಅತಿ ದೊಡ್ಡ ಭಾರ ಅದೇ. 70 ಕಿಲೋ ಮನುಷ್ಯ ತುದಿಯ ಹತ್ತಿರ ನಿಂತರೂ ಈ ದಪ್ಪದ ಸಾಗವಾನಿ ಮುರಿಯೋ ಮಿತಿಯ ಮೂರನೇ ಒಂದು ಭಾಗದೊಳಗೇ ಇರುತ್ತದೆ ಅಂತ ಲೆಕ್ಕ ಹೇಳುತ್ತದೆ. ದಂಡೆಯ ಹತ್ತಿರ, ಲೈಫ್ ಜಾಕೆಟ್ ಹಾಕಿಕೊಂಡು, ದೋಣಿ ಮಗುಚಿ ಗೆಳೆಯ ಹತ್ತಿ ನಿಂತ. ಅವನು 70ಕ್ಕಿಂತ ಜಾಸ್ತಿಯೇ. ಹಲಗೆ ಸ್ವಲ್ಪ ಬಾಗಿತು, ಸದ್ದು ಮಾಡಲಿಲ್ಲ, ಬಿಟ್ಟ ಕೂಡಲೇ ನೆಟ್ಟಗಾಯಿತು. ಆಮೇಲೆ ಒಂದು ಸಲ ನೀರಿನೊಳಗಿನ ಯಾವುದೋ ಗೋಡೆಗೆ ತಾಗಿ ಹಲಗೆ ಮೇಲಕ್ಕೆ ಎದ್ದಿದ್ದೂ ಆಗಿದೆ. ಎರಡು ಪದರ ಗಾಜಿನ ಬಟ್ಟೆ ಇದ್ದ ಕಡೆ ಒಂದು ಬಿಳಿ ಗಾಯ ಆಗಿದೆ, ಮರಕ್ಕೆ ಮುಟ್ಟಿಲ್ಲ. ಪಿನ್ನಿನ ಬುಷ್‌ನಲ್ಲಿ ಇನ್ನೂ ಸಡಿಲ ಬಂದಿಲ್ಲ.

ಖರ್ಚು ಕೇಳ್ತೀರಿ ಅಂತ ಗೊತ್ತು. ಅಂಗಡಿಯ ಕೂಲಿ ಒಂಬತ್ತು ಸಾವಿರ, ಬುಷ್ ಸೇರಿ. ಮರ, ಎಪಾಕ್ಸಿ, ಗಾಜಿನ ಬಟ್ಟೆ, ಸೀಸ ಬೇರೆ, ಅದೆಲ್ಲ ಸೇರಿ ಇನ್ನೊಂದು ಆರು ಸಾವಿರ ಆಯಿತು. ಫರ್ನಿಚರ್ ಬಡಗಿ ಇದರ ಅರ್ಧಕ್ಕೆ ಮಾಡುತ್ತಿದ್ದರು. ನನ್ನ ಮಟ್ಟಿಗೆ ಈ ದುಡ್ಡು ಜಾಸ್ತಿ ಅಲ್ಲ. ಕಂಪ್ಯೂಟರ್ ನಡೆಸೋ ಸಿಎನ್‌ಸಿ ಮಶೀನ್ ಇರೋ ಇನ್ನೊಂದು ಅಂಗಡಿಯಲ್ಲೂ ವಿಚಾರಿಸಿದ್ದೆ, ಕಂಪ್ಯೂಟರ್ ನಕ್ಷೆ ತಯಾರಿದ್ದರೆ ಅದೂ ಒಳ್ಳೆಯ ದಾರಿಯೇ, ಆದರೆ ಒಂದೇ ಒಂದು ಹಲಗೆಗೆ ಅವರು ಹೇಳಿದ ದರ ಇದಕ್ಕಿಂತ ಬಹಳ ಮೇಲಿತ್ತು.

ಹೋಗೋರು ಪೂರ್ತಿ ಅಳತೆಯ ನಕ್ಷೆಯನ್ನ ಕಾಗದದ ಮೇಲೆ ತಗೊಂಡು ಹೋಗಿ, ಫೋನಿನಲ್ಲಿ ಚಿತ್ರ ತೋರಿಸಿದರೆ ಕೆಲಸ ಆಗೋದಿಲ್ಲ. ಪೆಟ್ಟಿಗೆಯೊಳಗೆ ಉಳಿಯೋ ತಲೆಭಾಗ ಸಪಾಟಾಗಿಯೇ ಇರಲಿ ಅಂತ ನಕ್ಷೆಯಲ್ಲಿ ಬರೆಯಿರಿ, ಅಲ್ಲೂ ಕೆತ್ತಿದರೆ ಹಲಗೆ ಪೆಟ್ಟಿಗೆಯಲ್ಲಿ ಅಲ್ಲಾಡುತ್ತದೆ. ಎರಕಕ್ಕೆ ಅಲ್ಲ, ಸಾದಾ ಸ್ಕೇಲ್, ಇಳಿಜಾರು ಬೇಡ ಅಂತ ಮೊದಲ ಸಾಲಿನಲ್ಲೇ ಬರೆಯಿರಿ. ಪ್ಯಾಟರ್ನ್ ಮರಳಿನಿಂದ ಸಲೀಸಾಗಿ ಬರಲಿ ಅಂತ ಅವರು ಎಲ್ಲದಕ್ಕೂ ಸ್ವಲ್ಪ ಇಳಿಜಾರು ಕೊಡ್ತಾರೆ. ಎಪಾಕ್ಸಿ ನಿಮ್ಮದೇ ಇರಲಿ. ತಿಂಗಳ ಕೊನೆಯ ವಾರ ಹೋಗಬೇಡಿ, ಆಗ ಫೌಂಡ್ರಿಗಳಿಗೆ ಮಾಲು ಕಳಿಸೋ ಗಡಿಬಿಡಿ. ದೋಣಿ ಇಳಿಸೋ ಮುಂಚೆ ಅಣೆಕಟ್ಟೆಯ ಕಚೇರಿಯಲ್ಲಿ ಅನುಮತಿ ಕೇಳಿ. ದೋಣಿಯ ತಳದ ಸೀಳಿಗೆ ಎರಡೂ ಕಡೆ ರಬ್ಬರ್ ಪಟ್ಟಿ ಹಾಕಿಸಿ, ಲಾರಿ ಟ್ಯೂಬ್ ಕತ್ತರಿಸಿದರೂ ನಡೆಯುತ್ತದೆ. ಸೀಳು ಬಾಯಿ ತೆರೆದಿದ್ದರೆ ಒಳಗೆ ನೀರು ಕುದಿದು ವೇಗ ತಿನ್ನುತ್ತದೆ, ಒಳ್ಳೆಯ ಹಲಗೆಗೆ ಹಾಕಿದ ದುಡ್ಡು ಅಷ್ಟರ ಮಟ್ಟಿಗೆ ದಂಡ. ಚುಕ್ಕಾಣಿಯ ಅಲಗನ್ನೂ ಇದೇ ಮೇಸ್ತ್ರಿಗೆ ಕೊಟ್ಟಿದ್ದೇನೆ, ನಾಕಾ 0012, ಮತ್ತೆ ಎರಡು ಹೋಳಿನಲ್ಲೇ. ಈ ಸಲ ಹಿಂದಿನ ಅಂಚಿನ ಹತ್ತಿರ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಚೌಕ ಅಂತ ಬರೆದು, ಹುಡುಗರಿಗೂ ತೋರಿಸಿ ಬಂದಿದ್ದೇನೆ.